ನೂರು ವ್ಯಾಟಿನ ವಿನಯ

ಸ್ಫಾಕ್ಸ್ ಪಟ್ಟಣದ ಹವ್ಯಾಸಿ ರೇಡಿಯೊ ಸಂಘದ ಅಧ್ಯಕ್ಷನಾಗಬೇಕೆಂಬ ಹುಚ್ಚು ಲಮ್ಜೆದ್‌ಗೆ ಹತ್ತಿದ್ದೇ ಎಲ್ಲ ಫಜೀತಿಗೂ ಮೂಲ. ಎದುರಾಳಿ ಶಾದ್ಲಿಗೆ ತಂತಿ ಬೆಸೆಯಲು ಬಾರದು. ಲಮ್ಜೆದ್‌ಗೆ ಬರುತ್ತಿತ್ತು, ಬಾಯಿ ಮುಚ್ಚಲು ಮಾತ್ರ ಬರುತ್ತಿರಲಿಲ್ಲ.

ಚುನಾವಣೆ ನಡೆಯುವುದು ಉಪಗ್ರಹದ ಮೂಲಕ. ಅದರ ಮರುಪ್ರಸಾರಕದಲ್ಲಿ ಎಲ್ಲರೂ ಅಕ್ಕಪಕ್ಕದ ಅಲೆಗಳಲ್ಲಿ ಏಕಕಾಲಕ್ಕೆ ಮಾತಾಡಬಹುದು. ಅಷ್ಟೂ ದನಿಗಳನ್ನು ಅದು ಒಟ್ಟಿಗೇ ಭೂಮಿಗೆ ಮರಳಿಸುತ್ತದೆ. ಆದರೆ ಅದರ ಶಕ್ತಿ ಒಂದೇ ತಟ್ಟೆಯ ಕುಸ್ಕುಸ್ ಇದ್ದಂತೆ. ಒಬ್ಬ ಬಾಚಿಕೊಂಡರೆ ಉಳಿದವರಿಗೆ ಬರಿ ತಟ್ಟೆ. ಹಾಗಾಗಿ ಅಲ್ಲಿ ಮೆಲ್ಲಗೆ ಮಾತಾಡುವವನೇ ಮರ್ಯಾದಸ್ಥ.

ತನ್ನ ಗೆಲುವು ನೋಡಲೆಂದು ಲಮ್ಜೆದ್ ನೆರೆಯವರನ್ನೆಲ್ಲ ತಾರಸಿಗೆ ಕರೆದಿದ್ದ. ಉಪಗ್ರಹದಿಂದ ಮರಳಿ ಬಂದ ಅವನ ದನಿ ಕೇಳಿ ಕಸಾಯಿ ಅಂಗಡಿಯ ಮುಂಜಿ ಎಂಬವನು ನಕ್ಕ.

"ಏನ್ ಲಮ್ಜೆದ್ ಸಾಹೇಬ್ರೇ, ಸೊಳ್ಳೆ ಗುಂಯ್ ಅಂದಂಗಿದೆ! ಇದಕ್ಕಾ ನಾನು ಅಂಗ್ಡಿ ಮುಚ್ಚಿ ಬಂದಿದ್ದು?"

"ನಮ್ಮತ್ತೆ ಇದಕ್ಕಿಂತ ಜೋರಾಗಿ ಗೊರಕೆ ಹೊಡೀತಾರೆ," ಎಂದಳು ಮುಂಜಿಯ ಹೆಂಡತಿ ಹಬೀಬಾ.

ಲಮ್ಜೆದ್‌ಗೆ ಮೈಯೆಲ್ಲ ಉರಿಯಿತು. ಪೆಟ್ಟಿಗೆಯಲ್ಲಿದ್ದ ದನಿಯ ಬಲ ಹೆಚ್ಚಿಸುವ ನೂರು ವ್ಯಾಟಿನ ವರ್ಧಕ ತಂದು ಜೋಡಿಸಿಯೇಬಿಟ್ಟ.

ಸಂಘದ ಹಿರಿಯ ಬಶೀರ್ ರೇಡಿಯೊದಲ್ಲಿ ಕೂಗಿದರು: "ಹೆಸರು ಹೇಳ್ರಪ್ಪಾ! ಐದೇ ನಿಮಿಷ. ಕೇಳಿಸಿದ್ದೇ ಮತ."

ಅಲ್ಲಿಯ ಪದ್ಧತಿ ಎಂದರೆ ಅಭ್ಯರ್ಥಿ ವಿನಯದಿಂದ ಎದುರಾಳಿಯ ಹೆಸರು ಹೇಳಬೇಕು, ಉಳಿದವರು "ಛೆ ಛೆ, ನೀವೇ ಆಗ್ಬೇಕು" ಎಂದು ದುಂಬಾಲು ಬೀಳಬೇಕು. ಸಂಘದ ಹನ್ನೆರಡು ಮಂದಿಯಲ್ಲಿ ಒಂಬತ್ತು ಮಂದಿ ಲಮ್ಜೆದ್‌ನ ಕಾಫಿ ಕುಡಿದು ಹಾಗೆನ್ನುತ್ತೇವೆಂದು ಮಾತು ಕೊಟ್ಟಿದ್ದರು.

"ನಾನ್ಯಾವ ಲೆಕ್ಕ! ಶಾದ್ಲಿಯವರೇ ಅಧ್ಯಕ್ಷರಾಗ್ಲಿ," ಎಂದು ಲಮ್ಜೆದ್ ಗುಡುಗಿದ.

ತಕ್ಷಣ ಅವನ ದನಿಯ ಮೇಲೇ ಸೈರನ್ ಕೂಗಿತು. ಅತಿ ಜೋರು ಮಾಡುವವನಿಗೆ ನಾಚಿಕೆಯಾಗಲೆಂದು ಉಪಗ್ರಹದ ಕಾವಲು ಕೇಂದ್ರ ಊದುವ ಸೈರನ್ ಅದು.

"ಅದೇನದು?" ಎಂದ ಮುಂಜಿ.

ನಿಜ ಹೇಳಿದರೆ ಬೀದಿಯಲ್ಲಿ ಮಾನ ಹೋಗುತ್ತದೆ. "ಅದಾ? ನನಗೆ ಗೌರವ ಕೊಡ್ತಿದಾರೆ," ಎಂದ ಲಮ್ಜೆದ್.

ಹಬೀಬಾ ಮದುವೆಮನೆಯಲ್ಲಿ ಕೂಗುವಂತೆ ನಾಲಿಗೆ ಆಡಿಸಿ ಉಲುಲು ಹಾಕಿದಳು. ಗೌರವವನ್ನು ನಡುವೆ ನಿಲ್ಲಿಸುವುದು ಹೇಗೆ? ಲಮ್ಜೆದ್ ಐದೂ ನಿಮಿಷ ಶಾದ್ಲಿಯನ್ನು ಹೊಗಳಿದ. ಆಚೆ ಒಂಬತ್ತು ಮಂದಿ "ಲಮ್ಜೆದ್! ಲಮ್ಜೆದ್!" ಎಂದು ಗಂಟಲು ಹರಿದುಕೊಳ್ಳುತ್ತಿದ್ದರು, ಆ ದನಿಗಳೆಲ್ಲ ಇವನ ನೂರು ವ್ಯಾಟಿನಡಿ ಮುಳುಗಿಹೋದವು.

ಸಮಯ ಮುಗಿಯಿತು. ಬಶೀರ್ ಕೆಮ್ಮಿದರು. "ಕೇಳಿಸಿದ್ದು ಒಂದೇ ಮತ, ಅದೂ ಐದು ನಿಮಿಷ ಬಿಡದೆ. ಶಾದ್ಲಿ ಅವಿರೋಧವಾಗಿ ಗೆದ್ದಿದಾರೆ. ಎದುರಾಳಿನೇ ಇಷ್ಟು ದೊಡ್ಡ ಮನಸ್ಸು ಮಾಡಿದ್ಮೇಲೆ ನಾವೇನು ಹೇಳೋದು?"

ಲಮ್ಜೆದ್ ವರ್ಧಕದ ತಂತಿ ಕಿತ್ತ. ಮುಂಜಿ ಅವನ ಬೆನ್ನು ತಟ್ಟಿ ಅಭಿನಂದಿಸಿದ.

"ಮಬ್ರೂಕ್, ಲಮ್ಜೆದ್ ಸಾಹೇಬ್ರೇ! ನೀವು ಹೇಳಿದವರೇ ಗೆದ್ರಲ್ಲ! ಎಲ್ಲಿ, ಸಿಹಿ ತೆಗೀರಿ."