ಹೊಸ ಪ್ರೊಸೆಸರ್ ಹಾಗೂ ಅತ್ತೆಯವರ ಮಂಡಿನೋವಿನ ಬಾಬತ್ತು

ಇಂದ:
ಅರ್ಜಿದಾರ (ತಮ್ಮ ಗಂಡ),
ಮೂಲೆ ಕೋಣೆ, ಕಂಪ್ಯೂಟರ್ ಮೇಜಿನ ಹಿಂದೆ.

ಗೆ:
ಮಾನ್ಯ ಯಜಮಾನಿಯವರು,
ಹಣಕಾಸು, ಅಡುಗೆಮನೆ ಹಾಗೂ ಉಳಿದೆಲ್ಲ ಖಾತೆಗಳು,
ಇದೇ ಮನೆ.

ವಿಷಯ: ಅತ್ಯುನ್ನತ ದರ್ಜೆಯ ಹೊಸ ಡೆಸ್ಕ್‌ಟಾಪ್ ಪ್ರೊಸೆಸರನ್ನು ಸಪರಿವಾರವಾಗಿ ಬರಮಾಡಿಕೊಳ್ಳುವ ಬಗ್ಗೆ; ಹಾಗೆ ಮಾಡಿದ ಮೇಲೂ ತಮ್ಮ ತಾಯಿಯವರನ್ನು ಈ ಮನೆಯಲ್ಲೇ ಉಳಿಸಿಕೊಳ್ಳುವ ಬಗ್ಗೆ.

ಉಲ್ಲೇಖ: 1. ನಿನ್ನೆ ಊಟದ ಹೊತ್ತಿನಲ್ಲಿ ತಾವು ನೀಡಿದ ಮೌಖಿಕ ಆದೇಶ: "ಆಫೀಸಲ್ಲಿ ದಿನವಿಡೀ ಅರ್ಜಿ ನೋಡಿ ನೋಡಿ, ಬಾಯಲ್ಲಿ ಹೇಳಿದ್ದು ನನ್ನ ತಲೆಗೇ ಹೋಗಲ್ಲ ಕಣ್ರೀ. ಬರೆದು ಕೊಡಿ."
2. ಅದೇ ಹೊತ್ತಿನಲ್ಲಿ ತಮ್ಮ ತಾಯಿಯವರು ತಟ್ಟೆ ಸರಿಸಿ ಎದ್ದು ಹೋದದ್ದು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರನು ನಿವೇದಿಸಿಕೊಳ್ಳುವುದೇನೆಂದರೆ ("ನಾನು" ಎಂದು ಬರೆದರೆ ಜಗಳವಾಗುವ ಸಂಭವವಿರುವುದರಿಂದ ಉದ್ದಕ್ಕೂ "ಅರ್ಜಿದಾರ" ಎಂದೇ ನಮೂದಿಸಲಾಗಿದೆ):

1. ಅರ್ಜಿದಾರನು ಇನ್ನೂ ಕಟ್ಟದ ಮನೆಗಳನ್ನು ಕಟ್ಟಿದಂತೆ ಕಂಪ್ಯೂಟರಿನಲ್ಲಿ ಬಿಡಿಸಿಕೊಡುವ ಕಸುಬಿನವನು. ಸದರಿ ಕಂಪ್ಯೂಟರ್ ಒಂದು ಚಿತ್ರಕ್ಕೆ ಕೂತರೆ ಬೆಳಗಿನ ಸ್ನಾನದಿಂದ ಮಧ್ಯಾಹ್ನದ ಊಟದವರೆಗೆ ಚೌಕ ಚೌಕವಾಗಿ ಬಿಡಿಸುತ್ತಲೇ ಇರುತ್ತದೆ, ಏದುಸಿರು ಬಿಡುತ್ತಲೂ ಇರುತ್ತದೆ. ಕಾರಣ, ಅರ್ಜಿದಾರನಿಗೆ ಅನ್ನ ಹಾಕುವ ಬಿಲ್ಡರ್ ಹೀಗೆಂದಿದ್ದಾರೆ: "ನೀವು ಚಿತ್ರ ಕೊಡೋ ಹೊತ್ತಿಗೆ ನಾವು ಮನೇನೇ ಕಟ್ಟಿ ಮುಗಿಸಿರ್ತೀವಿ ಬಿಡಿ. ಈ ಸಲ ಲೇಟಾದ್ರೆ ಬೇರೆಯವರಿಗೆ ಕೊಡ್ತೀನಿ, ಬೇಜಾರು ಮಾಡ್ಕೋಬೇಡಿ." ಬೇಜಾರು ಮಾಡಿಕೊಳ್ಳಲಾಗಿದೆ.

2. ಆದ್ದರಿಂದ ಹೊಸ ಪ್ರೊಸೆಸರ್ ಬೇಕು. ಆದರೆ ಅದೊಂದನ್ನೇ ತಂದರೆ ಹಳೆಯ ಮದರ್‌ಬೋರ್ಡಿನಲ್ಲಿ ಕೂರುವುದಿಲ್ಲ. ಹೊಸ ಮದರ್‌ಬೋರ್ಡ್ ಬೇಕು. ಅದಕ್ಕೆ ಹಳೆಯ ಮೆಮೊರಿ ಹಿಡಿಸುವುದಿಲ್ಲ. ಎಲ್ಲವೂ ಬಂದರೆ ಹಳೆಯ ಪವರ್ ಸಪ್ಲೈ ಕೈಚೆಲ್ಲುತ್ತದೆ. ಸನ್ಯಾಸಿ ಕೌಪೀನ ಕಾಯಲು ಬೆಕ್ಕು ಸಾಕಿ ಸಂಸಾರಕ್ಕೆ ಬಿದ್ದ ಹಾಗೆ ಎಂದು ತಾವು ನಿನ್ನೆ ಹೇಳಿದ್ದು ಸರಿಯಾಗಿಯೇ ಇದೆ. ಅರ್ಜಿದಾರನ ತಕರಾರಿಲ್ಲ.

3. ಇಲ್ಲಿಯವರೆಗೆ ಎಲ್ಲ ಸುಸೂತ್ರ. ಅಂಗಡಿಯವನು ಹೊಗಳಿದ ಮಾತನ್ನು ಅರ್ಜಿದಾರನು ಊಟದ ಹೊತ್ತಿನಲ್ಲಿ ಹಾಗೇ ಒಪ್ಪಿಸಿದ್ದೇ ಎಡವಟ್ಟಾಯಿತು. "ಬಿಸಿ ಆಗೋಕೆ ಮೊದಲೇ ಕೆಲಸ ಮುಗಿಸಿಬಿಡುತ್ತೆ ಸಾರ್! ಪಕ್ಕದಲ್ಲಿ ಐಸ್ ಇಟ್ರೂ ಕರಗಲ್ಲ!" ಅತ್ತೆಯವರು ತಟ್ಟೆ ಸರಿಸಿ ಎದ್ದದ್ದು ಈ ಮಾತಿಗೆ.

4. ತಾವು ಬೆಳಗ್ಗೆಯೇ ಆಫೀಸಿಗೆ ಹೊರಡುವುದರಿಂದ ತಮ್ಮ ಗಮನಕ್ಕೆ ಬಾರದ ಸಂಗತಿಯೊಂದಿದೆ. ತಾವು ಗೇಟು ದಾಟಿದೊಡನೆ ಅತ್ತೆಯವರು ಕುರ್ಚಿ ಎಳೆದುಕೊಂಡು ಬಂದು, ಕಂಪ್ಯೂಟರ್ ಪೆಟ್ಟಿಗೆಯ ಹಿಂದೆ ಬಿಸಿಗಾಳಿ ಬರುವಲ್ಲಿ ಮಂಡಿ ಒಡ್ಡಿ ಕೂರುತ್ತಾರೆ. ಪೆಟ್ಟಿಗೆಯ ಮೇಲೆ ಕಾಲುಚೀಲ ಬೆಚ್ಚಗಾಗುತ್ತಿರುತ್ತದೆ. ಪರದೆಯ ಮೇಲೆ ಮನೆ ಮೂಡುತ್ತಾ ಹೋದಂತೆ ಅವರ ಷರಾ ಶುರು. "ಅಳಿಯಂದ್ರೇ, ಈ ಮೆಟ್ಟಿಲು ನೋಡಿದ್ರಾ? ಈ ಮನೇಲಿ ಯಾರೂ ಸಾಯೋ ಹಾಗಿಲ್ಲ. ಹೆಣ ತಿರುಗಿಸೋಕೆ ಜಾಗ ಎಲ್ಲಿದೆ?" "ಈ ಸೋಫಾ ಮೇಲೆ ಯಾರಾದ್ರೂ ಕೂತ್ಕೋತಾರೋ, ಬರೀ ನೋಡೋಕೋ?" ಅರ್ಜಿದಾರನು ಹಲ್ಲು ಕಚ್ಚಿ ಸಹಿಸಿರುತ್ತಾನೆ. ಮೆಟ್ಟಿಲನ್ನು ಮಾತ್ರ ಗುಟ್ಟಾಗಿ ಅಗಲ ಮಾಡಿರುತ್ತಾನೆ.

5. ಇಂದು ಬೆಳಗ್ಗೆ ಅತ್ತೆಯವರ ಚೀಲ ಬಾಗಿಲ ಬಳಿ ಕಂಡುಬಂದಿತು. ವಿಚಾರಿಸಲಾಗಿ, "ದೊಡ್ಡವಳ ಮನೆಗೆ ಹೋಗ್ತೀನಿ. ತಣ್ಣಗಿರೋ ಪೆಟ್ಟಿಗೆ ಪಕ್ಕ ನನಗೇನು ಕೆಲಸ?" ಎಂದರು. ಅತ್ತೆ ತಾವಾಗಿಯೇ ಹೊರಟು ನಿಂತರೆ ಅಳಿಯನಾದವನಿಗೆ ರೋಗಿ ಬಯಸಿದ್ದೂ ಹಾಲು-ಅನ್ನ, ವೈದ್ಯ ಹೇಳಿದ್ದೂ ಹಾಲು-ಅನ್ನ. ಅರ್ಜಿದಾರನೂ ಕುಣಿಯಲೆಂದೇ ಎದ್ದು ನಿಂತನು. ಕಾಲು ಏಳಲಿಲ್ಲ.

6. ಕೂಡಲೇ ಓಡಿಹೋಗಿ ರೂಮ್ ಹೀಟರ್ ಒಂದನ್ನು ತಂದು ಅತ್ತೆಯವರ ಮುಂದಿಡಲಾಯಿತು. ಅವರು ಅದನ್ನೊಮ್ಮೆ, ಅರ್ಜಿದಾರನನ್ನೊಮ್ಮೆ ನೋಡಿ, "ಅಯ್ಯೋ, ಇದರ ಮುಂದೆ ಕೂತ್ರೆ ನಾನು ರೋಗಿ ಅಳಿಯಂದ್ರೇ. ಅಲ್ಲಿ ಕೂತ್ರೆ ಕೆಲಸಕ್ಕೆ ಕೂತ ಹಾಗಿರುತ್ತೆ" ಎಂದರು. ಬೇಕಿದ್ದರೆ ಹೀಟರನ್ನು ತಮ್ಮ ಬಟ್ಟೆ ಒಣಗಿಸಲು ಬಳಸಿಕೊಳ್ಳಬಹುದು.

7. ಹೊಸದು ತರದಿದ್ದರೆ ಬಿಲ್ಡರ್ ಹೋಗುತ್ತಾರೆ, ತಂದರೆ ಅತ್ತೆಯವರು ಹೋಗುತ್ತಾರೆ. ಬಿಲ್ಡರ್ ಇಲ್ಲದೆ ಹೊಟ್ಟೆ ತುಂಬುವುದಿಲ್ಲ. ಅತ್ತೆಯವರಿಲ್ಲದ ಆ ಕೋಣೆಯಲ್ಲಿ ದಿನವಿಡೀ ಒಬ್ಬನೇ ಕೂರಲು ಅರ್ಜಿದಾರನಿಗೆ ಆಗುವುದಿಲ್ಲ. ಇದನ್ನು ಬಾಯಲ್ಲಿ ಹೇಳುವ ಧೈರ್ಯವಿಲ್ಲದ ಕಾರಣ, ಬರೆದು ಕೊಡಲು ಹೇಳಿದ್ದಕ್ಕೆ ತಮಗೆ ಕೃತಜ್ಞತೆಗಳು.

ಆದ್ದರಿಂದ ಹಾವೂ ಸಾಯದಂತೆ, ಕೋಲೂ ಮುರಿಯದಂತೆ (ಹಾವು ಯಾರೆಂದು ತಾವು ವಿಚಾರಿಸಬಾರದೆಂದು ಕೋರಿಕೆ) ಕೆಳಕಂಡಂತೆ ಆದೇಶಿಸಬೇಕು:

ಅ) ಹೊಸ ಪ್ರೊಸೆಸರ್ ಮತ್ತದರ ಪರಿವಾರವನ್ನು ಮಂಜೂರು ಮಾಡುವುದು. ಬಿಲ್ಡರ್ ಕೆಲಸವೆಲ್ಲ ಅದರದು.

ಆ) ಹಳೆಯ ಕಂಪ್ಯೂಟರನ್ನು ಪೆಟ್ಟಿಗೆ ಸಮೇತ ಗುಜರಿಗೆ ಹಾಕದೆ, ಸೇವಾಹಿರಿತನಕ್ಕೆ ಧಕ್ಕೆಯಾಗದಂತೆ ಪಕ್ಕದ ಮೇಜಿಗೆ ವರ್ಗಾಯಿಸಿ, ಅತ್ತೆಯವರ ನೇರ ಅಧೀನಕ್ಕೆ ಒಪ್ಪಿಸುವುದು. ಅವರು ಹೇಳಿದಂಥ ಮನೆಯನ್ನು ಅದು ನಿಧಾನವಾಗಿ, ಬೆವರುತ್ತಾ ಬಿಡಿಸತಕ್ಕದ್ದು. ಅದಕ್ಕೆ ಯಾವ ಅವಸರವೂ ಇಲ್ಲ.

ಅತ್ತೆಯವರ ಬೈಗುಳಕ್ಕೂ ತಮ್ಮ ಆದೇಶಕ್ಕೂ ಸದಾ ಬದ್ಧನಾದ,
ತಮ್ಮ ವಿಶ್ವಾಸಿ,
(ಅರ್ಜಿದಾರ)

ಲಗತ್ತುಗಳು:
1. ಅಂಗಡಿಯವನ ದರಪಟ್ಟಿ (ಕೂತು ಓದಬೇಕಾಗಿ ವಿನಂತಿ).
2. ಅಗಲವಾದ ಮೆಟ್ಟಿಲಿನ ಚಿತ್ರ.
3. ಅತ್ತೆಯವರ ಉಣ್ಣೆ ಕಾಲುಚೀಲ, ಒಂಟಿ.

ವಿ.ಸೂ.: ಲಗತ್ತು 3ನ್ನು ಅರ್ಜಿದಾರನು ಅತ್ತೆಯವರು ಸ್ನಾನಕ್ಕೆ ಹೋದಾಗ ಅವರ ಚೀಲದಿಂದ ಕದ್ದಿರುತ್ತಾನೆ. ಜೋಡಿಯಿಲ್ಲದೆ ಅವರು ಹೊರಡುವವರಲ್ಲ. ಸದ್ಯ ಮಂಚದ ಕೆಳಗೆ ಹುಡುಕುತ್ತಿದ್ದಾರೆ, ಅರ್ಜಿದಾರನೂ ಜೊತೆಗೂಡಿ ಹುಡುಕುತ್ತಿದ್ದಾನೆ. ಸದರಿ ಕಳ್ಳತನಕ್ಕೆ ಘಟನೋತ್ತರ ಮಂಜೂರಾತಿ ನೀಡಿ, ಆದೇಶ ಹೊರಬೀಳುವವರೆಗೆ ಕಾಲುಚೀಲವನ್ನು ತಮ್ಮ ಆಫೀಸಿನ ಬೀರುವಿನಲ್ಲಿ ಬೀಗ ಹಾಕಿ ಇಡಬೇಕೆಂದು ಪ್ರಾರ್ಥನೆ.