ಸಮುದ್ರಕ್ಕೆ ಗೇಟ್ ಇರುವುದಿಲ್ಲ

ಸವದತ್ತಿಯಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಇದೆ. ಮದುವೆ, ಜವಳ, ಸೀಮಂತ ಯಾವುದನ್ನೂ ಬಿಟ್ಟವನಲ್ಲ. ಶಾಲೆಯನ್ನು ಮಾತ್ರ ಎಂಟನೆಯ ಇಯತ್ತೆಯಲ್ಲೇ ಬಿಟ್ಟೆ. ಅಲ್ಲಿ ಕಲಿಯುವಂಥದ್ದು ಇನ್ನೇನೂ ಉಳಿದಿಲ್ಲ ಅನ್ನಿಸಿತ್ತು.

ಬೈಲಹೊಂಗಲದಲ್ಲಿ ಹೊಸ ಖಾನಾವಳಿ ತೆರೆಯುತ್ತಿದ್ದ ಬಸಣ್ಣ ಸಾವ್ಕಾರ ಒಂದು ದಿನ ಕರೆಸಿದರು. ಊಟದ ಕೋಣೆಯ ಗೋಡೆ ತುಂಬ ಸಮುದ್ರ ಬೇಕು, ಪಕ್ಕದಲ್ಲಿ ಕಾಡಿರಬೇಕು, ಮನುಷ್ಯರು ಇರಬಾರದು ಎಂದರು. ಚೆನ್ನಾಗಿ ಬಂದರೆ ರಾಮದುರ್ಗದಲ್ಲಿರುವ ಅವರ ಇನ್ನೊಂದು ಖಾನಾವಳಿಯ ಗೋಡೆಗಳೂ ನನಗೇ. ಮದುವೆ ಮನೆಯಲ್ಲಿ ಎಲ್ಲರ ಕಾಲು ತುಳಿದುಕೊಂಡು ಓಡಾಡುವ ಬಾಳು ಮುಗಿಯಿತು ಎಂದು ಹಿಗ್ಗಿದೆ. ಕಣ್ಣು ಮುಚ್ಚುವ ಮದುಮಕ್ಕಳನ್ನೇ ಪಳಗಿಸಿದವನಿಗೆ ಸಮುದ್ರ ಯಾವ ಲೆಕ್ಕ?

ಹೆಂಡತಿ ರೇಣುಕಾ ಸಮುದ್ರ ಕಂಡವಳಲ್ಲ, ಅವಳನ್ನೂ ಕರೆದುಕೊಂಡೆ. ನಾನೂ ಕಂಡಿರಲಿಲ್ಲ, ಅದನ್ನು ಅವಳಿಗೆ ಹೇಳಲಿಲ್ಲ.

ಬಸ್ಸು ಬದಲಿಸುತ್ತ ಘಟ್ಟ ಇಳಿದು, ಸಮುದ್ರದ ದಂಡೆಯ ರಾಷ್ಟ್ರೀಯ ಉದ್ಯಾನವೊಂದಕ್ಕೆ ಮುಟ್ಟಿದೆವು. ನೀರು ಬಹಳ ದೂರ ಸರಿದಿತ್ತು. ನಡುವೆ ಹಸಿ ಮರಳು, ಅದರಾಚೆ ಒಂದು ಕರಿ ಬಂಡೆ. ಅದನ್ನು ಹತ್ತಿದರೆ ಕಾಡು, ನೀರು, ಮುಳುಗುವ ಸೂರ್ಯ ಮೂರೂ ಒಂದೇ ಫೋಟೋದಲ್ಲಿ!

ಅಲ್ಲಿಯ ಅರಣ್ಯ ಗಾರ್ಡ್ ತಡೆದ. “ಸಂಜೆಗೆ ನೀರು ಏರ್ತದೆ ಮಾರಾಯ್ರೆ, ಆ ಬಂಡೆಗೆ ಹೋಗ್ಬೇಡಿ.”

“ನಾವೂ ನೀರಿನ ದಂಡ್ಯಾಗ ಬೆಳದಾವ್ರ ಅದೇವ್ರಿ,” ಎಂದೆ.

ಸುಳ್ಳಲ್ಲ. ನಮ್ಮ ಮಲಪ್ರಭಾ ಅಣೆಕಟ್ಟಿನ ಹಿನ್ನೀರು ಬೇಸಿಗೆಯಲ್ಲಿ ಒಮ್ಮೆ ಸರಿಯಿತೆಂದರೆ ಮಳೆಗಾಲದ ತನಕ ಹೊಳ್ಳಿ ನೋಡುವುದಿಲ್ಲ. ಆ ನೆಲದಲ್ಲಿ ನಮ್ಮ ಜನ ಒಂದು ಬೆಳೆಯನ್ನೇ ತೆಗೆಯುತ್ತಾರೆ. ಮೋಡವಿಲ್ಲ, ಮಳೆಯಿಲ್ಲ, ನೀರು ಎಲ್ಲಿಂದ ಏರಬೇಕು? ಗಾರ್ಡ್ ಆಚೆ ಹೋಗುವುದನ್ನೇ ಕಾದು ಬಂಡೆ ಹತ್ತಿ, ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಕೂರಿಸಿದೆ. ರೇಣುಕಾ ದಂಡೆಯಲ್ಲಿ ರೊಟ್ಟಿ ಗಂಟು ಬಿಚ್ಚಿದಳು.

ಸೂರ್ಯ ಕೆಂಪಾಗುತ್ತ ಬಂದ. ಹಿಂದಿನಿಂದ ಅವಳು ಕೂಗತೊಡಗಿದಳು. ತನ್ನದೂ ಒಂದು ಫೋಟೋ ತೆಗೆ ಎನ್ನುತ್ತಿದ್ದಾಳೆಂದು ತಿಳಿದು, ಹೊಳ್ಳಿ ನೋಡದೆ ಸುಮ್ಮನೆ ಕೂರುವಂತೆ ಕೈ ಮಾಡಿದೆ.

“ಹಿಂದ ನೋಡ್ರಿ! ನಿಮ್ಮ ಸುತ್ತ ನೀರ ಬಂದೈತಿ!”

ನೋಡಿದೆ. ನಡೆದು ಬಂದ ಮರಳೇ ಇರಲಿಲ್ಲ. ನಾನು, ಬಂಡೆ, ನಾಲ್ಕೂ ಕಡೆ ನೀರು. ಕೆಳಗೆ ಬಿಟ್ಟಿದ್ದ ಚಪ್ಪಲಿಗಳು ನನ್ನ ಅಪ್ಪಣೆ ಕೇಳದೆ ಪ್ರಯಾಣ ಹೊರಟಿದ್ದವು. ಆಗ ನನ್ನ ಬಾಯಿಂದ ಬಂದ ಮಾತನ್ನು ರೇಣುಕಾ ಇವತ್ತಿಗೂ ಬಂಧುಬಳಗದ ಮುಂದೆ ನಟಿಸಿ ತೋರಿಸುತ್ತಾಳೆ.

“ಯಾರ್ರೀ ನೀರ ಬಿಟ್ಟಾವ್ರು? ಮೊದಲ ಗೇಟ್ ಬಂದ್ ಮಾಡಸ್ರಿ!”

ಗಾರ್ಡ್ ದೋಣಿ ತಂದ. ಬೈಯಲಿಲ್ಲ. ಹುಟ್ಟು ಹಾಕುತ್ತ, “ಸಮುದ್ರಕ್ಕೆ ಗೇಟ್ ಮಾಡಿದವರು ಯಾರೂ ಇಲ್ಲ ಮಾರಾಯ್ರೆ,” ಎಂದ, ಅಷ್ಟೇ.

ಅಲ್ಲಿಗೆ ನಿಲ್ಲಿಸಿದ್ದರೆ ಮಾನ ಹೋಗಿ ಕ್ಯಾಮೆರಾವಾದರೂ ಉಳಿಯುತ್ತಿತ್ತು. ಆದರೆ ಅದೇ ಹೊತ್ತಿಗೆ ಸೂರ್ಯ ನೀರಿಗೆ ತಾಗಿದ. ಕಾಡಿಗೆಲ್ಲ ಬಂಗಾರದ ನೀರು ಹೊಯ್ದಂತಾಯಿತು. ಸಾವ್ಕಾರರ ಗೋಡೆ ಕಣ್ಣೆದುರು ಬಂದು ನಿಂತಿತು. ನಾನೂ ದೋಣಿಯಲ್ಲಿ ಎದ್ದು ನಿಂತೆ.

ನೀರಿಗೆ ಬಿದ್ದ ನನ್ನನ್ನು ಗಾರ್ಡ್ ಅಂಗಿ ಹಿಡಿದೆತ್ತಿದ. ಕ್ಯಾಮೆರಾಕ್ಕೆ ಅಂಗಿ ಇರಲಿಲ್ಲ.

ಸಾವ್ಕಾರರು ಕಾಯುವಷ್ಟು ಕಾದು, ಹುಬ್ಬಳ್ಳಿಯಿಂದ ಯಾವುದೋ ದೇಶದ ಸಮುದ್ರದ ಚಿತ್ರವಿದ್ದ ಹಾಳೆ ತಂದು ಗೋಡೆಗೆ ಅಂಟಿಸಿದರು. ಖಾನಾವಳಿ ತೆರೆದ ದಿನ, ಬಂದವರನ್ನು ಅದರ ಮುಂದೆ ನಿಲ್ಲಿಸಿ ಫೋಟೋ ತೆಗೆಯುವ ಕೆಲಸ ಕೊಟ್ಟರು. ಬಾಡಿಗೆ ಕ್ಯಾಮೆರಾ ತಂದು ನಿಂತೆ. ರೇಣುಕಾಳೂ ಊಟಕ್ಕೆ ಬಂದಿದ್ದಳು. ಸಾಲಿನಲ್ಲಿದ್ದ ಹಿರಿಯರೊಬ್ಬರು ಗೋಡೆ ಸವರಿ, “ಭಾಳ ಚಲೋ ಬಂದೈತಿ. ನೀವ ತಗದದ್ದೇನ್ರಿ?” ಎಂದು ಕೇಳಿದರು.

ಹೌದು ಎನ್ನುವ ಆಸೆ ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ರೇಣುಕಾ ಬಾಯಿ ತೆರೆದಳು.

“ಇದ ಅಲ್ರಿ ಕಾಕಾ. ಇವ್ರ ಕ್ಯಾಮೆರಾ ಇನ್ನೂ ಸಮುದ್ರದ ಒಳಗ ಕುಂತ ಫೋಟೋ ತಗ್ಯಾಕ ಹತ್ತೈತಿ.”

ನಾನು ಬಾಡಿಗೆ ಕ್ಯಾಮೆರಾ ಕಣ್ಣಿಗೆ ಹಿಡಿದು, “ಎಲ್ಲಾರೂ ಸ್ವಲ್ಪ ನಗ್ರಿ,” ಎಂದೆ. ಯಾರಿಗೂ ಹೇಳುವ ಅಗತ್ಯವೇ ಇರಲಿಲ್ಲ.