ಒರೆಯಿಂದ ಹಿರಿದ ಕತ್ತೆ

ನನ್ನ ಕಂಪ್ಯೂಟರಿನಲ್ಲಿ ನೆಲೆಸಿ, ಯಾರೂ ಕೇಳದಿದ್ದರೂ ಕಾಗುಣಿತ ತಿದ್ದುವ ಸ್ವಯಂಚಾಲಿತ ಪಂಡಿತೋತ್ತಮರ ಸನ್ನಿಧಾನಕ್ಕೆ,

ಮಾನ್ಯರೇ,

ಊಟ, ನಿದ್ರೆ, ನಾಚಿಕೆ ಯಾವುದೂ ತಮ್ಮನ್ನು ಬಾಧಿಸದೆಂದು ಬಲ್ಲೆನಾದ್ದರಿಂದ, ಕ್ಷೇಮಸಮಾಚಾರ ವಿಚಾರಿಸದೆ ನೇರವಾಗಿ ವಿಷಯಕ್ಕೆ ಬರುತ್ತಿದ್ದೇನೆ, ಮನ್ನಿಸಬೇಕು.

ಉಕ್ಕಿನ ಕವಚ ತೊಟ್ಟ ಕುದುರೆ ಸವಾರರಿಗೂ ಹಬೆ ಉಗುಳುವ ಯಂತ್ರಗಳಿಗೂ ಘನಘೋರ ಯುದ್ಧ ನಡೆಯುವ ಕಾದಂಬರಿಯೊಂದನ್ನು, ಅತ್ತೆಯವರು ದೊಡ್ಡ ಮನಸ್ಸು ಮಾಡಿ ಬಿಟ್ಟುಕೊಟ್ಟ ಮಹಡಿಯ ಕೋಣೆಯಲ್ಲಿ ಕೂತು ನಾನು ಬರೆಯುತ್ತಿದ್ದುದು ತಮಗೆ ತಿಳಿದೇ ಇದೆ. ನಾನು 'ಕತ್ತಿ' ಎಂದು ಒತ್ತಿದಲ್ಲೆಲ್ಲ ತಾವು 'ಕತ್ತೆ' ಎಂದು ತಿದ್ದಿದಿರಿ. ಹೀಗಾಗಿ ನನ್ನ ಸೇನಾಪತಿ ಒರೆಯಿಂದ ಕತ್ತೆ ಹಿರಿದ, ಅದನ್ನು ಕಲ್ಲಿಗೆ ಮಸೆದ, ಹಬೆಯಂತ್ರದ ಹೊಟ್ಟೆಗೆ ಹಿಡಿಯವರೆಗೂ ತುರುಕಿದ. ನನಗೆ ಮೈಯೆಲ್ಲ ಉರಿದುಹೋಯಿತು. ಆದರೆ ಪ್ರಕಾಶಕರು ಫೋನ್ ಮಾಡಿ, "ಯಂತ್ರದ ಎದುರಿಗೆ ಕತ್ತೆ! ಇದು ಇನ್ಯಾರಿಗೆ ಹೊಳೀಬೇಕು ಸಾರ್? ಒಂದಕ್ಷರ ಮುಟ್ಟಬೇಡಿ" ಎಂದು ಕೊಂಡಾಡಿದಾಗ, ಬಂದ ಕೀರ್ತಿಯನ್ನು ಬೇಡವೆನ್ನುವುದು ಹೇಗೆಂದು ಬಾಯಿಗೆ ಬೀಗ ಹಾಕಿಕೊಂಡೆ.

ಅಷ್ಟು ಹೊತ್ತಿಗೆ ಈ ಲೇಖಕನಿಗೆ ಕತ್ತೆಗಳ ಮೇಲೆ ವಿಶೇಷ ಮಮತೆಯೆಂದು ತಾವು ಮನಗಂಡಿರಬೇಕು. ಕಟ್ಟಕಡೆಗೆ ಬರೆದ ಅರ್ಪಣೆಯ ಪುಟಕ್ಕೂ ತಮ್ಮ ಕೃಪಾಕಟಾಕ್ಷ ಬಿತ್ತು. ಒಂದಕ್ಷರವನ್ನೂ ಮುಟ್ಟಬಾರದೆಂದು ಪ್ರಕಾಶಕರ ಅಪ್ಪಣೆಯಾಗಿತ್ತಲ್ಲ, 'ತಲೆಯ ಮೇಲೊಂದು ಸೂರು ಕೊಟ್ಟ ಪೂಜ್ಯ ಅತ್ತೆಗೆ' ಎಂಬ ನನ್ನ ಸಾಲು 'ಪೂಜ್ಯ ಕತ್ತೆಗೆ' ಎಂದೇ ದಪ್ಪಕ್ಷರದಲ್ಲಿ ಅಚ್ಚಾಗಿ ಬಂತು.

ಅತ್ತೆಯವರು ಕನ್ನಡಕ ಏರಿಸಿಕೊಂಡು ಓದಿದರು. ಬೈಯಲಿಲ್ಲ, ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. "ಕತ್ತೆ ಅಂದ್ಮೇಲೆ ಕೊಟ್ಟಿಗೆ ಬೇಕಲ್ಲ ಅಳಿಯಂದ್ರೇ, ಮೇಲಿನ ಕೋಣೆ ಖಾಲಿ ಮಾಡ್ಕೊಡಿ" ಎಂದಷ್ಟೇ ಹೇಳಿ ಪುಸ್ತಕ ಮುಚ್ಚಿದರು. ಬಾಗಿಲ ಮರೆಯಲ್ಲಿದ್ದ ನನ್ನ ಹೆಂಡತಿಯ ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆಂದೇ ಅಂದುಕೊಂಡು ಸಮಾಧಾನ ಮಾಡಹೋದವನು ಇನ್ನಷ್ಟು ಅವಮಾನಪಟ್ಟು ಹಿಂದಿರುಗಿದೆ. ಎರಡನೆಯ ಸಂಪುಟವನ್ನು ಈಗ ಮೆಟ್ಟಿಲ ಕೆಳಗೆ, ಚಪ್ಪಲಿಗಳ ನಡುವೆ ಕೂತು ಬರೆಯುತ್ತಿದ್ದೇನೆ. ಬೆನ್ನು ನೆಟ್ಟಗೆ ಮಾಡಿದರೆ ತಲೆ ಬಡಿಯುತ್ತದೆ.

ಆದ್ದರಿಂದ ತಾವು ಖುದ್ದಾಗಿ ಕಂಪ್ಯೂಟರಿನಿಂದ ಹೊರಬಂದು, ಯಾರಿಂದಲಾದರೂ ಕೈಕಾಲು ಎರವಲು ಪಡೆದು ಅತ್ತೆಯವರ ಪಾದಕ್ಕೆರಗಿ, 'ಅ'ಗೂ 'ಕ'ಗೂ ಇರುವ ವ್ಯತ್ಯಾಸವನ್ನು ವಿವರಿಸಿ ನನ್ನ ಕೋಣೆಯನ್ನು ಬಿಡಿಸಿಕೊಡಬೇಕಾಗಿ ವಿನಂತಿ. ಕಾದಂಬರಿಯಲ್ಲಿ ಯಂತ್ರಗಳನ್ನು ನಾನು ಸೋಲಿಸಿರಬಹುದು. ಮನೆಯಲ್ಲಿ ಗೆದ್ದವರು ತಾವೇ ಎಂದು ಈ ಮೂಲಕ ಒಪ್ಪಿಕೊಳ್ಳುತ್ತೇನೆ.

ತಮ್ಮ ವಿಶ್ವಾಸಿ,
ಮೆಟ್ಟಿಲ ಕೆಳಗಿನ ಕಾದಂಬರಿಕಾರ

ಮರೆತ ಮಾತು: ತಾವು ಅಪ್ಪಟ ಕತ್ತೆ. ದಯಮಾಡಿ ಇದನ್ನು ತಿದ್ದಬೇಡಿ. ಈ ಒಂದು ಕತ್ತೆ ನನ್ನ ಸ್ವಂತದ್ದು.